ಹಲ್ಲು ಮೂಡಿದ ಕಾಗದ

ಗಾಜಿನ ಬೀರುವಿನ ಬಾಗಿಲು ಅರ್ಧ ತೆರೆದಿತ್ತು. ಬೀಗ ಒಡೆದಿರಲಿಲ್ಲ. ಒಳಗೆ ಒಂದು ರಿಮೋಟು, ರೇಸಿನಲ್ಲಿ ಗೆದ್ದ ನಾಲ್ಕು ಕಪ್ಪು, ಒಂದು ಸ್ಟಾಪ್‌ವಾಚು ಇದ್ದಲ್ಲೇ ಇದ್ದವು. ನಡುವೆ ಒಂದು ಮೊಳ ಉದ್ದದ ಜಾಗ ಮಾತ್ರ ಖಾಲಿ. ಹಾಸಿದ್ದ ಬಿಳಿ ಬಟ್ಟೆಯ ಮೇಲೆ ನಾಲ್ಕು ಟೈರುಗಳ ಗುರುತು ಉಳಿದಿತ್ತು.

"ಕಾರು ಹೋಯ್ತು," ಎಂದರು ರಾಮಸ್ವಾಮಿ ಮೇಷ್ಟ್ರು.

ಎ.ಎಸ್.ಐ. ದಾಸಪ್ಪ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ. ರಿಟೈರಾಗಲು ಎಂಟು ತಿಂಗಳಿದ್ದ ಅವನಿಗೆ ಠಾಣೆಯಲ್ಲಿ ಇಂಥವೇ ಕೇಸುಗಳು ಬರುತ್ತಿದ್ದವು. ಇನ್ಸ್‌ಪೆಕ್ಟರು ದೂರು ಓದಿ ನಕ್ಕಿದ್ದರು. "ಆಟದ ಕಾರು ಕಳುವಂತೆ. ನೀವೇ ಹೋಗ್ಬನ್ನಿ ದಾಸಪ್ಪನವರೇ." ನಾಲ್ಕನೇ ಮೈನಿನ ಮೇಷ್ಟ್ರ ಮನೆಯವರೆಗೆ ದಾಸಪ್ಪನೂ ನಗುತ್ತಲೇ ಬಂದಿದ್ದ. ಬೀರುವಿನ ಮೇಲಿದ್ದ ಫೋಟೋ ಮತ್ತು ಅದಕ್ಕೆ ಹಾಕಿದ್ದ ಗಂಧದ ಹಾರ ನೋಡಿದ ಮೇಲೆ ನಗು ನಿಂತಿತು.

"ಮಗನಾ ಮೇಷ್ಟ್ರೇ?"

"ಸಂಕರ್ಷಣ. ಇಪ್ಪತ್ತೇಳು ವರ್ಷ. ಹೋದ ವರ್ಷ ಮೇ ತಿಂಗಳಲ್ಲಿ, ಮೈಸೂರು ರಸ್ತೆಯಲ್ಲಿ ಸ್ಕೂಟರಿಗೆ ಲಾರಿ. ಮದುವೆ ಹದಿನೆಂಟು ದಿನ ಇತ್ತು."

ರಾಮಸ್ವಾಮಿ ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದವರು. ಲೆಕ್ಕ ಒಪ್ಪಿಸುವಂತೆ ಎಲ್ಲವನ್ನೂ ಒಂದೇ ಸಮನೆ ಹೇಳಿದರು. ಕಾರು ನಿಜವಾದ ಕಾರಿನ ಹತ್ತರಲ್ಲೊಂದು ಅಳತೆಯದು. ಜಪಾನಿನಿಂದ ಡಬ್ಬದಲ್ಲಿ ಬಿಡಿಬಿಡಿಯಾಗಿ ಬಂದದ್ದು, ಮುನ್ನೂರು ಚಿಲ್ಲರೆ ತುಂಡು. ಸಂಕರ್ಷಣ ಒಂದೂವರೆ ವರ್ಷ ಅದನ್ನು ಜೋಡಿಸಿದ್ದ, ಬಿಚ್ಚಿದ್ದ, ಮತ್ತೆ ಜೋಡಿಸಿದ್ದ. ಬಸವನಗುಡಿಯ ಸ್ಕೇಟಿಂಗ್ ರಿಂಕಿನಲ್ಲಿ ಭಾನುವಾರಗಳಂದು ನಡೆಯುವ ರೇಸಿನಲ್ಲಿ ನಾಲ್ಕು ಸಲ ಗೆದ್ದಿದ್ದ.

"ಅವನು ಕೊನೇ ದಿನ ಹೇಗೆ ಇಟ್ಟು ಹೋದನೋ ಹಾಗೇ ಇಟ್ಟಿದ್ದೆ. ಧೂಳು ಕೂಡ ಒರೆಸಿರಲಿಲ್ಲ. ಅವನ ಬೆರಳು ಕೊನೇಗೆ ಮುಟ್ಟಿದ ವಸ್ತು ಅದೊಂದೇ ಈ ಮನೇಲಿ."

"ಬೀಗದ ಕೈ ಎಲ್ಲಿರತ್ತೆ?"

ಮೇಷ್ಟ್ರು ಉತ್ತರೀಯ ಸರಿಸಿದರು. ಹಳದಿಯಿನ್ನೂ ಆರದ ಹೊಸ ಜನಿವಾರ, ಅದರ ತುದಿಯಲ್ಲಿ ಒಂದು ಹಿತ್ತಾಳೆ ಕೀಲಿ.

"ಇವತ್ತು ಉಪಾಕರ್ಮ. ದೇವಸ್ಥಾನದಲ್ಲಿ ಹಳೇ ಜನಿವಾರ ತೆಗೆದು ಹೊಸದು ಹಾಕ್ಕೋಬೇಕು. ಅದಕ್ಕೆ ಬೆಳಗ್ಗೆ ಕೀಲಿ ಬಿಚ್ಚಿ ದೇವರ ಮನೆ ತಟ್ಟೇಲಿಟ್ಟು ಹೋಗಿದ್ದೆ. ಏಳೂವರೆಗೆ ಹೋದೆ, ಹತ್ತಕ್ಕೆ ಬಂದೆ. ಕೀಲಿ ತಟ್ಟೇಲೇ ಇತ್ತು. ಅದನ್ನ ಕಟ್ಕೊಂಡು ಈಚೆ ಬಂದು ನೋಡಿದ್ರೆ, ಇಲ್ಲ."

ಒಳಗಿನಿಂದ ಅವರ ಹೆಂಡತಿ ಆಂಡಾಳ್ ಕಾಫಿ ತಂದರು. ಲೋಟವನ್ನು ದಾಸಪ್ಪನ ಕೈಗೆ ಕೊಡದೆ ಟೀಪಾಯಿಯ ಮೇಲಿಟ್ಟು ಹಿಂದೆ ಸರಿದರು. ಸಣಕಲು ಹೆಂಗಸು. ಅಳುವುದನ್ನು ಎಂದೋ ಮುಗಿಸಿ ಕೂತವರ ಮುಖ.

"ಅಮ್ಮ, ಆ ಹೊತ್ತಲ್ಲಿ ಮನೇಗೆ ಯಾರಾದ್ರೂ ಬಂದಿದ್ರಾ?"

"ಎಂಟೂವರೆಗೆ ನಾಗಭೂಷಣ ಬಂದಿದ್ದ. ನಮ್ಮ ಹುಡುಗನ ಸ್ನೇಹಿತ. ಕಾಫಿ ಕುಡಿದು ಹೋದ."

"ನೀವು ಕಾಫಿ ಮಾಡೋಕೆ ಒಳಗೆ ಹೋದಾಗ ಇಲ್ಲಿ ಒಬ್ಬನೇ ಇದ್ದ?"

"ಇದ್ದ. ಅವನು ತಗೊಂಡಿಲ್ಲ."

"ಹೇಗೆ ಹೇಳ್ತೀರಿ?"

"ತಗೊಂಡಿಲ್ಲ," ಎಂದು ಆಕೆ ಮತ್ತೆ ಅಷ್ಟೇ ಹೇಳಿದರು.

ಮೇಷ್ಟ್ರ ದನಿ ಮೊದಲ ಸಲ ಏರಿತು. "ತಿಂಗಳಿಂದ ಕೇಳ್ತಿದಾನೆ ಅವನು. ಸಂಕರ್ಷಣನ ಹೆಸರಲ್ಲಿ ಈ ಭಾನುವಾರ ರೇಸು ಇದೆ, ಕಾರು ಕೊಡಿ, ಓಡಿಸ್ತೀನಿ ಅಂತ. ಆಗಲ್ಲ ಅಂದೆ. ಈಗ ಕದ್ದಿದಾನೆ. ಯಾರೇ ಆಗಲಿ, ಅದನ್ನ ಮುಟ್ಟಿದವರ ಕೈ ಬಿದ್ದುಹೋಗಲಿ."

ಆಂಡಾಳ್ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು. ಹಬ್ಬದ ದಿನ ಮನೆಯ ಯಜಮಾನ ಇಂಥ ಮಾತಾಡಿದರೆ ಯಾರಿಗಾದರೂ ಕಸಿವಿಸಿಯಾದೀತು ಎಂದುಕೊಂಡ ದಾಸಪ್ಪ.

ಅವನು ಕೋಣೆಯನ್ನು ನಿಧಾನಕ್ಕೆ ನೋಡಿದ. ಕಿಟಕಿಯ ಬಳಿ ಸಂಕರ್ಷಣನ ಮೇಜು; ಅದರ ಮೇಲೆ ಸಣ್ಣ ಸ್ಕ್ರೂಡ್ರೈವರುಗಳು ಎತ್ತರದ ಪ್ರಕಾರ ನಿಂತಿದ್ದವು. ಗೋಡೆಯ ಮೇಲೆ ಹಳೆಯ ಕಪ್ಪುಬಿಳುಪು ಫೋಟೋ. ಬಿಳಿ ಕೋಟು ತೊಟ್ಟ ಹದಿನೈದಿಪ್ಪತ್ತು ಹುಡುಗಿಯರು ಯಾವುದೋ ಫ್ಯಾಕ್ಟರಿಯ ಗೇಟಿನ ಮುಂದೆ ಸಾಲಾಗಿ ನಿಂತಿದ್ದರು.

"ಇದು?"

"ಇವಳು ಮದುವೆಗೆ ಮುಂಚೆ ಗಡಿಯಾರದ ಫ್ಯಾಕ್ಟರಿಗೆ ಹೋಗ್ತಿದ್ಲು. ಆರು ವರ್ಷವೋ ಏನೋ. ಆಮೇಲೆ ನಾನೇ ಬಿಡಿಸಿದೆ," ಎಂದರು ಮೇಷ್ಟ್ರು, ಅದಕ್ಕೂ ಇದಕ್ಕೂ ಏನು ಸಂಬಂಧ ಎನ್ನುವಂತೆ.

ದಾಸಪ್ಪ ಮಂಡಿಯೂರಿ ಮೇಜಿನ ಕೆಳಗೆ ಬಗ್ಗಿದ. ಮಂಡಿ ಲಟಕ್ಕೆಂದಿತು. ಅಲ್ಲಿ ಬೆರಳಗಲದ ಒಂದು ಕಾಗದದ ಪಟ್ಟಿ ಬಿದ್ದಿತ್ತು. ಕೈಗೆತ್ತಿಕೊಂಡು ಬೆಳಕಿಗೆ ಹಿಡಿದ. ಉದ್ದಕ್ಕೂ ಒಂದೇ ಸಮನಾದ ಪುಟ್ಟ ಪುಟ್ಟ ಮಡಿಕೆ, ಗರಗಸದ ಹಲ್ಲಿನ ಹಾಗೆ. ಒಂದು ಕಡೆ ನವಿಲು ಬಣ್ಣದ ಬಳ್ಳಿಯ ಚಿತ್ತಾರ. ತುದಿಯಲ್ಲಿ ಹಳದಿ ಕಲೆ.

ಅದನ್ನು ಕವರಿಗೆ ಹಾಕಿ ಜೇಬಿನಲ್ಲಿಟ್ಟುಕೊಂಡ. ತಲೆಯೆತ್ತಿದಾಗ ಆಂಡಾಳ್ ಬಾಗಿಲಲ್ಲಿ ನಿಂತು ಅವನ ಜೇಬನ್ನೇ ನೋಡುತ್ತಿದ್ದರು.

*

ನಾಗಭೂಷಣನ ಮನೆತನದ್ದು ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಅಂಗಡಿ. ಶ್ರಾವಣ ಬಂದಿತ್ತು; ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಣೆಯ ಮೇಲೆ ವಿಭೂತಿ ಇಟ್ಟಿದ್ದ ಯುವಕ ಒಬ್ಬ ಗಿರಾಕಿಗೆ ಪತ್ರಿಕೆಯ ಕಟ್ಟು ಕೊಡುತ್ತಿದ್ದ.

"ಮನೇಗೆ ತಗೊಂಡೋಗಿ ಅರಿಶಿನ ಕುಂಕುಮ ಹಚ್ಚಿ, ದೇವರ ಮುಂದೆ ಇಟ್ಟು, ಆಮೇಲೆ ಹಂಚಿ ಸಾರ್."

ದಾಸಪ್ಪ ಗಿರಾಕಿ ಹೋಗುವವರೆಗೂ ಕಾದ. ಆಮೇಲೆ ಕಾಗದದ ಪಟ್ಟಿಯನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟ.

"ಮೇಷ್ಟ್ರ ಮನೇಲಿ ಮೇಜಿನ ಕೆಳಗೆ ಸಿಕ್ತು. ಇದೇನು ಹೇಳಪ್ಪ."

ನಾಗಭೂಷಣ ಮಡಿಕೆಗಳನ್ನು ನೋಡಿ ಸಲೀಸಾಗಿ ಹೇಳಿದ. "ಗೇರ್ ಸೆಟ್ ಮಾಡಿದ ಕಾಗದ ಸಾರ್. ನಮ್ಮ ಕಾರುಗಳಲ್ಲಿ ಮೋಟರಿಗೊಂದು ಚಿಕ್ಕ ಗೇರ್, ಅದು ದೊಡ್ಡ ಗೇರನ್ನ ತಿರುಗಿಸತ್ತೆ. ಎರಡೂ ತೀರಾ ಒತ್ತಿಕೊಂಡ್ರೆ ಕಿರುಚತ್ತೆ, ಮೋಟರ್ ಕಾಯತ್ತೆ. ದೂರ ಇದ್ರೆ ಹಲ್ಲು ಉದುರತ್ತೆ. ಅದಕ್ಕೆ ಮಧ್ಯೆ ಒಂದು ಕಾಗದ ಸಿಕ್ಕಿಸಿ, ಒತ್ತಿ ಹಿಡಿದು ಮೋಟರಿನ ಸ್ಕ್ರೂ ಬಿಗಿ ಮಾಡ್ತೀವಿ. ಆಮೇಲೆ ಚಕ್ರ ತಿರುಗಿಸಿದ್ರೆ ಕಾಗದ ಹೀಗೆ ಹಲ್ಲು ಮೂಡ್ಕೊಂಡು ಈಚೆ ಬರತ್ತೆ. ಅದರ ದಪ್ಪದಷ್ಟೇ ಸಂದು ಉಳಿಯತ್ತೆ."

"ಎಲ್ಲರೂ ಇಂಥದೇ ಕಾಗದ ಹಾಕ್ತೀರಾ?"

"ನೋಟ್‌ಬುಕ್ ಹಾಳೆ ಹಾಕ್ತೀವಿ. ಇದು ಯಾವ್ದೋ..." ಎನ್ನುತ್ತ ನಾಗಭೂಷಣ ಪಟ್ಟಿಯನ್ನು ಮಗುಚಿದ. ನವಿಲು ಬಣ್ಣದ ಬಳ್ಳಿ ಕಂಡಿತು. ಅವನ ಮುಖ ಬಿಳಿಚಿತು.

"ಗುರುತು ಸಿಕ್ತಾ?"

"ನಮ್ಮ ಅಂಗಡೀದೇ ಸಾರ್. ಲಕೋಟೆ." ಬಳ್ಳಿಯ ಮೇಲೆ ಬೆರಳಾಡಿಸಿದ. "ಸಂಕು ಮದುವೇದು. ಈ ಬಳ್ಳಿ ನಾನೇ ಬರೆಸಿದ್ದು. ಮುನ್ನೂರು ಹಾಕಿದ್ವಿ. ಬೇರೆ ಯಾರಿಗೂ ಆ ಡಿಸೈನು ಕೊಟ್ಟಿಲ್ಲ, ಕೊಡೋಕೂ ಮನಸ್ಸಾಗ್ಲಿಲ್ಲ."

"ಇಲ್ಲಿ ಒಂದಾದ್ರೂ ಉಳಿದಿರತ್ತಲ್ಲ?"

ನಾಗಭೂಷಣ ಡ್ರಾಯರಿನ ತಳದಿಂದ ಮೂರು ಖಾಲಿ ಲಕೋಟೆ ತೆಗೆದ. ಮಾದರಿಗೆಂದು ಮುನ್ನೂರರ ಮೇಲೆ ಹೆಚ್ಚಿಗೆ ಹಾಕಿ ಇಟ್ಟುಕೊಂಡವು. ಶುಭ್ರವಾಗಿ, ಮುಟ್ಟಿದರೆ ಕೊಳೆಯಾಗುವಂತಿದ್ದವು.

"ಮೇಷ್ಟ್ರ ಮನೇಲಿ ಇವು ಇಲ್ವಾ?"

"ಇಲ್ಲ ಸಾರ್. ಒಂದೂ ಹಂಚಿರ್ಲಿಲ್ಲ. ಹದಿಮೂರು ದಿನ ಆದ್ಮೇಲೆ ಅಂಕಲ್ಲು ಎಲ್ಲಾನೂ ಸುಟ್ಟುಹಾಕು ಅಂತ ಆಂಟಿಗೆ ಹೇಳಿದ್ರು. ನಾನೂ ಅಲ್ಲೇ ಇದ್ದೆ."

ಕಾರು ಬೇಕೆಂದು ಕೇಳಿದವನು ಇವನು. ಕಳುವಾದ ಹೊತ್ತಿಗೆ ಮನೆಯಲ್ಲಿದ್ದವನು ಇವನು. ಗೇರು ಹೊಂದಿಸಲು ಬರುವವನೂ, ಲಕೋಟೆ ಇಟ್ಟುಕೊಂಡಿರುವವನೂ ಇವನೇ. ದಾಸಪ್ಪನ ಸರ್ವಿಸ್ಸಿನಲ್ಲಿ ಕೇಸು ಇಷ್ಟು ಸಲೀಸಾಗಿ ಕೈಗೆ ಬಂದದ್ದು ಎರಡೋ ಮೂರೋ ಸಲ. ಆ ಎರಡು ಮೂರೂ ಆಮೇಲೆ ಕೈ ಕೊಟ್ಟಿದ್ದವು.

"ಊರು ಬಿಟ್ಟು ಹೋಗಬೇಡ," ಎಂದಷ್ಟೇ ಹೇಳಿ ಎದ್ದ.

*

ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ದಾಸಪ್ಪ ಮಫ್ತಿಯಲ್ಲಿ ರಿಂಕಿಗೆ ಹೋದ. ಸಿಮೆಂಟಿನ ನೆಲದ ಮೇಲೆ ಸುಣ್ಣದ ಗೆರೆ, ಗೆರೆಯ ಪಕ್ಕ ಹಳೇ ಟೈರು. ಎಂಟು ಹತ್ತು ಪುಟ್ಟ ಕಾರುಗಳು ಜೀರುಂಡೆಗಳಂತೆ ಕೂಗುತ್ತ ಸುತ್ತುತ್ತಿದ್ದವು. ದೊಡ್ಡ ದೊಡ್ಡ ಗಂಡಸರು ರಿಮೋಟು ಹಿಡಿದು ಉಸಿರು ಬಿಗಿಹಿಡಿದು ನಿಂತಿದ್ದರು.

ಒಂದು ಮೂಲೆಯಲ್ಲಿ ಹಲಗೆ. ಅದರ ಮೇಲೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳು, ಒಂದೊಂದಕ್ಕೂ ನಂಬರು. ಒಂದೇ ಸಿಗ್ನಲ್ಲಿನಲ್ಲಿ ಇಬ್ಬರು ರಿಮೋಟು ಹಾಕಿದರೆ ಒಬ್ಬನ ಕಾರು ಇನ್ನೊಬ್ಬನ ಮಾತು ಕೇಳಿಬಿಡುತ್ತದೆ. ಅದಕ್ಕೆ ತನ್ನ ನಂಬರಿನ ಕ್ಲಿಪ್ಪನ್ನು ಅಂಗಿಗೆ ಸಿಕ್ಕಿಸಿಕೊಳ್ಳದೆ ಯಾರೂ ರಿಮೋಟು ಮುಟ್ಟುವಂತಿಲ್ಲ. ಆರನೇ ನಂಬರಿನ ಕ್ಲಿಪ್ಪಿಗೆ ಕಪ್ಪು ದಾರ ಕಟ್ಟಿತ್ತು. ಅದು ಸಂಕರ್ಷಣನದು. ಹದಿನೈದು ತಿಂಗಳಿಂದ ಅದನ್ನು ಯಾರೂ ತೆಗೆದಿರಲಿಲ್ಲ.

ದಾಸಪ್ಪ ಅದನ್ನು ನೋಡುತ್ತಿದ್ದಾಗ ಗೇಟಿನ ಬಳಿ ಗಲಾಟೆ ಕೇಳಿಸಿತು. ರಾಮಸ್ವಾಮಿ ಮೇಷ್ಟ್ರು ನಾಗಭೂಷಣನ ಕೊರಳಪಟ್ಟಿ ಹಿಡಿದಿದ್ದರು.

"ಎಲ್ಲಿಟ್ಟಿದೀಯೋ? ನನ್ನ ಮಗ ಹೊಂದಿಸಿಟ್ಟಿದ್ದನ್ನ ಏನು ಮಾಡ್ದೆ?"

ನಾಗಭೂಷಣ ಕೈ ಎತ್ತಲಿಲ್ಲ, ಬಿಡಿಸಿಕೊಳ್ಳಲೂ ಇಲ್ಲ. "ಅಂಕಲ್, ನಾನು ಯಾಕೆ ಅಂಕಲ್ ಗೇರ್ ಮುಟ್ಲಿ? ಕದಿಯೋನು ಕಾರು ಎತ್ಕೊಂಡು ಓಡ್ತಾನೆ. ನಿಮ್ಮ ಮನೇಲೇ ಕೂತು ಗೇರ್ ಯಾಕೆ ಸೆಟ್ ಮಾಡ್ತಾನೆ?"

ದಾಸಪ್ಪ ಇಬ್ಬರನ್ನೂ ಬಿಡಿಸಿ ಬೆಂಚಿನ ಮೇಲೆ ಕೂರಿಸಿದ. ಹುಡುಗನ ಪ್ರಶ್ನೆ ಅವನ ತಲೆಯೊಳಗೆ ಹೊಕ್ಕಿತ್ತು. ಕಳ್ಳ ಆ ಮೇಜಿನ ಮುಂದೆ ಕೂತು ಕೆಲಸ ಮಾಡಿದ್ದಾನೆ. ಅಷ್ಟು ನೆಮ್ಮದಿ, ಅಷ್ಟು ಹೊತ್ತು ಯಾರಿಗೆ ಸಿಕ್ಕೀತು?

"ಮೇಷ್ಟ್ರೇ, ಕಾರಿನ ಗೇರು ಯಾರು ಹೊಂದಿಸ್ತಿದ್ರು? ನೀವಾ?"

"ನನಗೆ ಅದೆಲ್ಲ ಬರಲ್ಲ. ನಾನು ಬ್ಯಾಟರಿ ಚಾರ್ಜ್ ಮಾಡ್ತಿದ್ದೆ, ಸ್ಟಾಪ್‌ವಾಚ್ ಹಿಡೀತಿದ್ದೆ. ಗೇರು ಅವನದೇ."

ನಾಗಭೂಷಣ ತಲೆಯೆತ್ತಿದ. "ಅಂಕಲ್, ಸಂಕು ಇಲ್ಲಿ ಒಂದು ದಿನಾನೂ ಗೇರ್ ಸೆಟ್ ಮಾಡಿದ್ದು ನಾನು ನೋಡಿಲ್ಲ. ಕೆಟ್ರೆ ಅಷ್ಟಕ್ಕೇ ಮನೇಗೆ ಹೋಗಿ ಬರ್ತಿದ್ದ. ಅವನ ಕಾರಿನಷ್ಟು ಮೆತ್ತಗೆ ಇಲ್ಲಿ ಯಾರ ಕಾರೂ ಓಡ್ತಿರ್ಲಿಲ್ಲ. ಮನೇಲಿ ಯಾವ ಮೆಕ್ಯಾನಿಕ್ ಇಟ್ಟಿದೀಯ ಮಗಾ ಅಂತ ರೇಗಿಸ್ತಿದ್ವಿ. ನಗ್ತಿದ್ದ. ನಾವು ನೀವೇ ಅಂದ್ಕೊಂಡಿದ್ವಿ."

ದಾಸಪ್ಪ ಜೇಬಿನಿಂದ ಕವರು ತೆಗೆದ. ಹಲ್ಲು ಮೂಡಿದ ಪಟ್ಟಿ. ನವಿಲು ಬಳ್ಳಿ. ತುದಿಯ ಹಳದಿ ಕಲೆ. ಮೂಗಿನ ಹತ್ತಿರ ಹಿಡಿದ. ವಾಸನೆ ಹೋಗಿತ್ತು, ಬಣ್ಣ ಇತ್ತು.

ಮನೇಗೆ ತಗೊಂಡೋಗಿ ಅರಿಶಿನ ಕುಂಕುಮ ಹಚ್ಚಿ.

ಅವನು ಕವರನ್ನು ಜೇಬಿಗೆ ಹಾಕಿಕೊಂಡ. ಕೇಸು ಬಿಡಿಸಿದಾಗ ಸಿಗಬೇಕಾದ ಸಂತೋಷ ಎಲ್ಲೂ ಇರಲಿಲ್ಲ.

"ನಾಗಭೂಷಣ, ನಿನ್ನ ಬ್ಯಾಟರಿ ಚಾರ್ಜ್ ಇದ್ಯಾ? ತಗೋ. ಮೇಷ್ಟ್ರೇ, ಮನೇಗೆ ಹೋಗೋಣ ನಡೀರಿ."

*

ಆಂಡಾಳ್ ನಡುಮನೆಯಲ್ಲಿ ಹೂ ಕಟ್ಟುತ್ತಿದ್ದರು. ಮೂವರನ್ನೂ ಒಟ್ಟಿಗೆ ನೋಡಿ ದಾರ ಕೆಳಗಿಟ್ಟರು.

ದಾಸಪ್ಪ ನಿಂತೇ ಇದ್ದ. "ಅಮ್ಮ, ನಾನು ಹೇಳ್ತೀನಿ. ತಪ್ಪಿದ್ರೆ ಹೇಳಿ."

ಆಕೆ ತಲೆಯಾಡಿಸಿದರು.

"ಈ ಕಾಗದ ನಿಮ್ಮ ಮಗನ ಲಗ್ನಪತ್ರಿಕೆ ಲಕೋಟೇದು. ಅಂಗಡೀಲೂ ಮೂರು ಇವೆ, ಅದಕ್ಕೆ ನಾಗಭೂಷಣನ ಮೇಲೆ ಅನುಮಾನ ಬಂತು. ಆದ್ರೆ ಅಂಗಡಿ ಲಕೋಟೆಗೆ ಅರಿಶಿನ ಇರಲ್ಲ. ಅರಿಶಿನ ಹಚ್ಚೋದು ಮದುವೆ ಮನೆಯವರು, ದೇವರ ಮುಂದೆ ಇಡೋವಾಗ. ನಿಮ್ಮ ಪತ್ರಿಕೆ ಒಂದೂ ಮನೆ ದಾಟಿರ್ಲಿಲ್ಲ. ಅಂದ್ರೆ ಈ ಲಕೋಟೆ ಈ ಮನೇದೇ. ಸುಟ್ಟುಹಾಕು ಅಂದಿದ್ದು ನಿಮಗೆ. ನೀವು ಸುಟ್ಟಿಲ್ಲ."

ರಾಮಸ್ವಾಮಿ ಹೆಂಡತಿಯ ಕಡೆ ತಿರುಗಿದರು. ಆಕೆ ಅವರನ್ನು ನೋಡಲಿಲ್ಲ.

"ಕೀಲಿ ಜನಿವಾರದಿಂದ ಇಳಿಯೋದು ವರ್ಷಕ್ಕೊಂದೇ ದಿನ. ಅದು ಗೊತ್ತಿರೋದು ಮನೆಯವರಿಗೆ. ಗೇರು ಹೊಂದಿಸೋದು ಮೇಷ್ಟ್ರಿಗೆ ಬರಲ್ಲ. ಸ್ನೇಹಿತರು ಮೇಷ್ಟ್ರು ಮಾಡ್ತಾರೆ ಅಂದ್ಕೊಂಡಿದ್ರು, ಮೇಷ್ಟ್ರು ಮಗ ಮಾಡ್ತಾನೆ ಅಂದ್ಕೊಂಡಿದ್ರು. ಇನ್ನು ಈ ಮನೇಲಿ ಉಳಿದವರು ಒಬ್ಬರೇ." ದಾಸಪ್ಪ ಗೋಡೆಯ ಫೋಟೋ ತೋರಿಸಿದ. "ಆ ಫ್ಯಾಕ್ಟರೀಲಿ ನೀವು ಏನು ಕೆಲಸ ಮಾಡ್ತಿದ್ರಿ ಅಮ್ಮ?"

"ಕೈಗಡಿಯಾರಕ್ಕೆ ಗೇರು ಕೂರಿಸ್ತಿದ್ದೆ. ದಿನಕ್ಕೆ ನೂರಿಪ್ಪತ್ತು," ಎಂದರು ಆಂಡಾಳ್.

ಎದ್ದು ಅಡುಗೆಮನೆಗೆ ಹೋದರು. ಅಕ್ಕಿ ಡಬ್ಬದ ಮುಚ್ಚಳದ ಸದ್ದು ಕೇಳಿಸಿತು. ಮೊರದಲ್ಲಿ ಮಗುವನ್ನು ಮಲಗಿಸಿ ತರುವಂತೆ ಎರಡೂ ಕೈಯಲ್ಲಿ ಕಾರನ್ನು ಹಿಡಿದು ಬಂದರು. ನೀಲಿ ಬಣ್ಣದ ಕಾರು. ಟೈರಿನ ಸಂದಿನಲ್ಲಿ ಎರಡು ಅಕ್ಕಿಕಾಳು ಸಿಕ್ಕಿಕೊಂಡಿದ್ದವು.

"ಯಾಕೆ?" ಎಂದರು ಮೇಷ್ಟ್ರು. ಅವರ ದನಿ ಅವರಿಗೇ ಕೇಳಿಸುವಷ್ಟಿತ್ತು. "ಅವನು ಇಟ್ಟು ಹೋದ ಹಾಗೇ ಇರಲಿ ಅಂತ ತಾನೆ ನಾನು..."

"ಅವನು ಸರಿಯಾಗಿ ಇಟ್ಟು ಹೋಗಿರ್ಲಿಲ್ಲ." ಆಂಡಾಳ್ ಕಾರನ್ನು ಮೇಜಿನ ಮೇಲಿಟ್ಟರು. "ಆವತ್ತು ಬೆಳಗ್ಗೆ ಪತ್ರಿಕೆಗಳಿಗೆ ಅರಿಶಿನ ಹಚ್ಚಿ ದೇವರ ಮುಂದೆ ಇಟ್ಟೆ. ಅವನು ಇಲ್ಲಿ ಕೂತು ಮೋಟರಿಗೆ ಹೊಸ ಗೇರು ಹಾಕ್ದ. ಸ್ಕ್ರೂ ಬಿಗಿ ಮಾಡ್ಲಿಲ್ಲ. ಅಮ್ಮ, ಇದನ್ನ ನೀನು ಹೊಂದಿಸಿಡು, ಸಾಯಂಕಾಲ ಬಂದು ಓಡಿಸ್ತೀನಿ ಅಂದ. ಅಡುಗೆ ಮುಗಿಸ್ಕೊಂಡು ಮಾಡ್ತೀನಿ ಕಣೋ ಅಂದೆ. ಹನ್ನೊಂದೂವರೆಗೆ ಫೋನು ಬಂತು."

ಆಕೆ ಗಂಡನ ಕಡೆ ತಿರುಗಿದರು.

"ನೀವು ಅದನ್ನ ಬೀರುವಲ್ಲಿಟ್ಟು ಬೀಗ ಹಾಕಿದ್ರಿ. ಯಾರೂ ಮುಟ್ಟಬೇಡಿ ಅಂದ್ರಿ. ಅವನು ಹೊಂದಿಸಿಟ್ಟಿದ್ದು ಅಂತ ಬಂದವರಿಗೆಲ್ಲ ತೋರಿಸ್ತಿದ್ರಿ. ನನಗೆ ಆ ಸಡಿಲ ಸ್ಕ್ರೂ ಕಾಣ್ತಿತ್ತು. ದಿನಾ ಕಾಣ್ತಿತ್ತು. ಅವನು ನನಗೆ ಹೇಳಿದ ಕೊನೇ ಕೆಲಸ ಅದು. ಹೋದ ವರ್ಷ ಉಪಾಕರ್ಮದ ದಿನ ಕೀಲಿ ಕೈಗೆ ತಗೊಂಡು ಮತ್ತೆ ಇಟ್ಬಿಟ್ಟೆ, ಧೈರ್ಯ ಬರ್ಲಿಲ್ಲ. ಇನ್ನೊಂದು ವರ್ಷ ಕಾದೆ. ಮೊನ್ನೆ ನಾಗಭೂಷಣ ಹೋದ್ಮೇಲೆ ಕೂತು ಮಾಡ್ದೆ. ಕಣ್ಣು ಮಂಜು, ಹೊತ್ತು ಹಿಡೀತು. ಸ್ಕ್ರೂ ಬಿಗಿ ಮಾಡಿ ಕಾಗದ ಈಚೆ ತೆಗೀತಿದ್ದೆ, ಗೇಟು ಸದ್ದಾಯ್ತು. ಅಕ್ಕಿ ಡಬ್ಬಕ್ಕೆ ಹಾಕ್ಬಿಟ್ಟೆ. ಆಮೇಲೆ ವಾಪಸ್ ಇಡೋಣ ಅಂದ್ಕೊಂಡೆ."

"ನನಗೆ ಹೇಳಬಹುದಿತ್ತಲ್ಲ."

"ಕೈ ಬಿದ್ದುಹೋಗಲಿ ಅಂದ್ರಲ್ಲ," ಎಂದರು ಆಂಡಾಳ್, ಮತ್ತು ತಮ್ಮ ಬಲಗೈ ಚಾಚಿ ತೋರಿಸಿದರು. ಹೆಬ್ಬೆರಳ ತುದಿಯಲ್ಲಿ ಸ್ಕ್ರೂಡ್ರೈವರು ಒತ್ತಿದ ಗಾಯ ಇನ್ನೂ ಕಪ್ಪಗಿತ್ತು.

ರಾಮಸ್ವಾಮಿ ಕುರ್ಚಿ ಹಿಡಿದು ಕೂತರು. ಗಂಡಸು ಅಳುವುದನ್ನು ದಾಸಪ್ಪ ಠಾಣೆಯಲ್ಲಿ ಬೇಕಾದಷ್ಟು ನೋಡಿದ್ದ. ಆದರೂ ಕಿಟಕಿಯ ಕಡೆ ಮುಖ ತಿರುಗಿಸಿದ.

"ಒಂದೂವರೆ ವರ್ಷ ಅವನ ಜೊತೆ ಕೂತು ನೀನೂ ಕಟ್ಟಿದ್ದೀಯ," ಎಂದರು ಮೇಷ್ಟ್ರು ಕೊನೆಗೆ. "ನನಗೆ ಯಾಕೆ ಹೇಳಲಿಲ್ಲ ಇಬ್ರೂ?"

"ನೀವು ಸ್ಕೂಲಿಗೆ ಹೋದ ಮೇಲೆ, ಅವನಿಗೆ ಸೆಕೆಂಡ್ ಶಿಫ್ಟ್ ಇದ್ದಾಗ ಮಾಡ್ತಿದ್ವಿ. ಫ್ಯಾಕ್ಟರಿ ವಿಷಯ ಎತ್ತಿದ್ರೆ ನಿಮಗೆ ಸೇರ್ತಿರ್ಲಿಲ್ಲ. ಅದಕ್ಕೆ."

ನಾಗಭೂಷಣ ಮೂಗು ಒರೆಸಿಕೊಂಡು ಕಾರಿನ ಹತ್ತಿರ ಬಂದ. ಹದಿನೈದು ತಿಂಗಳಲ್ಲಿ ಅದರ ಬ್ಯಾಟರಿ ಸತ್ತಿತ್ತು. ತನ್ನದನ್ನು ಹಾಕಿದ. ಬೀರುವಿನಿಂದ ರಿಮೋಟು ತೆಗೆಯುವ ಮುಂಚೆ ಮೇಷ್ಟ್ರ ಮುಖ ನೋಡಿದ. ಅವರು ಹೂಂ ಎನ್ನುವಂತೆ ಕೈ ಆಡಿಸಿದರು.

"ಆಂಟಿ, ಓಡಿಸಿ ನೋಡಿದ್ರಾ?"

"ಇಲ್ಲಪ್ಪ. ಓಡಿಸೋದು ಅವನ ಕೆಲಸ. ನಂದು ಗೇರು ಮಾತ್ರ."

ಮೇಷ್ಟ್ರು ಎದ್ದು ಬಂದು ಕಾರನ್ನು ನೆಲ ತಾಗದಂತೆ ಎತ್ತಿ ಹಿಡಿದರು. ನಾಗಭೂಷಣ ರಿಮೋಟಿನ ಗುಂಡಿ ಮೆಲ್ಲಗೆ ಒತ್ತಿದ. ಚಕ್ರಗಳು ಗಾಳಿಯಲ್ಲಿ ತಿರುಗಿದವು. ಟೈರಿನಲ್ಲಿದ್ದ ಅಕ್ಕಿಕಾಳುಗಳು ಹಾರಿ ನೆಲಕ್ಕೆ ಬಿದ್ದವು. ಒಂದು ಸಣ್ಣ, ಸಮನಾದ ಶಬ್ದ ಕೋಣೆಯನ್ನು ತುಂಬಿತು. ಆ ಮನೆಯಲ್ಲಿ ಆ ಶಬ್ದ ಎಷ್ಟೋ ಕಾಲದಿಂದ ಕೇಳಿರಲಿಲ್ಲ. ಆಂಡಾಳ್ ತಲೆ ವಾಲಿಸಿ, ಕಣ್ಣು ಮುಚ್ಚಿ ಕೇಳಿದರು.

"ಸರಿ ಇದ್ಯಾ?" ಎಂದು ಕೇಳಿದರು ರಾಮಸ್ವಾಮಿ. ಹೆಂಡತಿಯನ್ನು ಅವರು ಅಂಥ ಮಾತು ಕೇಳಿದ್ದು ಬಹುಶಃ ಅದೇ ಮೊದಲು.

"ಸರಿ ಇದೆ," ಎಂದರು ಆಕೆ.

*

ದೂರು ವಾಪಸು ಪಡೆದ ಕಾಗದಕ್ಕೆ ಮೇಷ್ಟ್ರು ಸಹಿ ಹಾಕಿದರು. ಕಾರಣ ಎಂಬಲ್ಲಿ 'ಕಾರು ಮನೆಯಲ್ಲಿಯೇ ಇತ್ತು' ಎಂದು ಬರೆಯಿಸಿಕೊಂಡು ದಾಸಪ್ಪ ಹೊರಟ. ಆಂಡಾಳ್ ಗೇಟಿನವರೆಗೂ ಬಂದರು.

ದಾಸಪ್ಪನಿಗೆ ಜೇಬಿನಲ್ಲಿದ್ದ ಕವರಿನ ನೆನಪಾಯಿತು. ತೆಗೆದು ಅವರ ಮುಂದೆ ಹಿಡಿದ.

"ನಿಮ್ಮ ಕಾಗದ ಅಮ್ಮ. ಇನ್ನು ಕೇಸಿಗೆ ಬೇಡ. ತಗೊಳ್ಳಿ."

ಆಂಡಾಳ್ ಅದನ್ನು ನೋಡಿದರು, ತೆಗೆದುಕೊಳ್ಳಲಿಲ್ಲ.

"ನೀವೇ ಇಟ್ಕೊಳ್ಳಿ," ಎಂದರು. "ಅವನ ಮದುವೆಗೆ ನಿಮ್ಮನ್ನೂ ಕರೆದ ಹಾಗಾಯ್ತು. ಒಳಗೆ ಇನ್ನೂ ಇನ್ನೂರ ತೊಂಬತ್ತೊಂಬತ್ತಿವೆ."